ಮೇಜರ್ ಸಾಹೇಬರ ಪಾಲಿನ ಕೋಳಿ ಸಾರು

ಯುದ್ಧ ನಡೆಯುತ್ತಿದ್ದದ್ದು ಸಾವಿರ ಮೈಲಿ ಆಚೆಯ ಗಡಿಯಲ್ಲಿ. ಆದರೂ ಬೆಂಗಳೂರಿನ ಸೇನಾ ಉಗ್ರಾಣದಲ್ಲಿ ಮೇಜರ್ ಪೊನ್ನಪ್ಪನವರು ದಿನಾ ಊಟದ ಹೊತ್ತಿಗೇ ಅಣಕು ಸೈರನ್ ಊದಿಸುತ್ತಿದ್ದರು. ಅದು ನಿಲ್ಲುವುದರೊಳಗೆ ಕಂದಕಕ್ಕೆ ಇಳಿಯದವನು ಬಾಂಬಿಗೆ ಸತ್ತ ಹಾಗೆ. ಸತ್ತವನಿಗೆ ಅವತ್ತು ಊಟವಿಲ್ಲ.

ಗುಮಾಸ್ತ ನರಸೋಜಿ ಟೈಪು ಮಾಡುತ್ತಿದ್ದ ಸಾಲು ಮುಗಿಸಿ ಏಳುವಷ್ಟರಲ್ಲಿ ಮೊನ್ನೆಯೂ ಸತ್ತ, ನಿನ್ನೆಯೂ ಸತ್ತ. "ಬದುಕಿದ್ದೀನಿ ಸಾರ್, ಹೊಟ್ಟೆ ಹಸೀತಿದೆ" ಎಂದು ಗೋಗರೆದ.

"ಹೆಣ ಮಾತಾಡಕೂಡದು!" ಎಂದು ಮೇಜರ್ ಗದರಿದರು.

ಇವತ್ತು ನರಸೋಜಿ ಎಲ್ಲರಿಗಿಂತ ಮೊದಲು ಕಂದಕಕ್ಕೆ ಹಾರಿದ. ಸೈರನ್ ನಿಂತಿತು. ಮೇಜರ್ ಎಂದಿನಂತೆ ಗಡಿಯಾರ ನೋಡುತ್ತಾ ಮೈದಾನದ ನಟ್ಟನಡುವೆ ನಿಂತಿದ್ದರು. ನರಸೋಜಿ ಮೇಲೆ ಹತ್ತಿ ಬಂದ. ಅವರ ಮುಂದೆ ಟೋಪಿ ತೆಗೆದು, ತಲೆ ತಗ್ಗಿಸಿ ಒಂದು ಗಳಿಗೆ ನಿಂತ. ಆಮೇಲೆ ಅಡುಗೆಯವನನ್ನು ಕೂಗಿದ:

"ಸಾಹೇಬರು ಹೋಗಿಬಿಟ್ಟರಪ್ಪಾ. ಅವರ ಕೋಳಿ ಸಾರು ಇತ್ತ ತಾ."

"ಏಯ್! ನಾನು ಬದುಕಿದ್ದೀನಯ್ಯಾ!" ಮೇಜರ್ ಕಿರುಚಿದರು.

ನರಸೋಜಿ ಅತ್ತ ತಿರುಗಲೇ ಇಲ್ಲ. "ಒಳ್ಳೆ ಮನುಷ್ಯ ಪಾಪ" ಎನ್ನುತ್ತಾ ತಟ್ಟೆ ಮುಂದೆ ಕೂತ.

ಮರುದಿನ ಸೈರನ್ ಊದಿದ್ದು ಎಲ್ಲರ ಊಟವಾದ ಮೇಲೆ. ಕಂದಕಕ್ಕೆ ಮೊದಲು ಹಾರಿದವರು ಮೇಜರ್ ಸಾಹೇಬರು.