ಗಾಜಿನ ಮುಖಗಳ ಕಲ್ಮೇಶಪ್ಪ

ಮಾರ್ಚ್ ಹದಿನೆಂಟು, ಸೋಮವಾರ. ಬೆಳಗಿನಿಂದಲೇ ಸುಡುಬಿಸಿಲು; ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ವರ್ಷ ಯಾವುದೆಂದು ಕೇಳಬೇಡಿ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಹಳ ಹಿಂದೆ, ಒಂದು ಊರಲ್ಲಿ, ಎಂದೇ ಇಟ್ಟುಕೊಳ್ಳೋಣ. ಊರು ಮಾತ್ರ ನಮ್ಮದೇ.

ಆಗ ನಮ್ಮೂರ ಚಿತ್ರಶಾಲೆಗೆ ಕಲ್ಮೇಶಪ್ಪ ಬಣಕಾರ ಕಾರ್ಯದರ್ಶಿ. ಅವನು ಬರುವಾಗ ಚಿತ್ರಶಾಲೆ ಎಂದರೆ ಒಂದು ಬೋರ್ಡು, ಒಂದು ಬೀಗ. ಯಾರೋ ಮಂತ್ರಿ ಬರುತ್ತಾನೆಂದು ಬೋರ್ಡು ಹಾಕಿ, ಮಂತ್ರಿ ಹೋದಮೇಲೆ ಬೀಗ ಹಾಕಿದ್ದರಂತೆ. ಪುರಸಭೆಯ ಗುಮಾಸ್ತರಲ್ಲಿ ಯಾರಿಗೂ ಬೇಡವಾದ ಕೀಲಿಕೈ ಅವನ ಪಾಲಿಗೆ ಬಂತು. ಅವನು ಬೀಗ ತೆಗೆದ, ಗೋಡೆಗೆ ಸುಣ್ಣ ಬಳಿದ, ಆ ಗೋಡೆಯ ಮೇಲೆ ಊರಿಗೆ ಸಿನಿಮಾ ತೋರಿಸಿದ. ರೀಲಿನ ಡಬ್ಬಿ ಮೂಸಿಯೇ ಒಳಗಿನದು ಕೆಟ್ಟಿದೆಯೋ ಇಲ್ಲವೋ ಹೇಳುತ್ತಿದ್ದನಂತೆ. ಪುರಸಭೆ ಅಧ್ಯಕ್ಷರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಲಿಲ್ಲವಂತೆ. ಹಾಕಿದರೆ ಹಿಂದೆ ನೆಲದ ಮೇಲೆ ಕೂತ ಹೆಂಗಸರಿಗೆ ಕಾಣುವುದಿಲ್ಲ ಎಂದನಂತೆ. ಅಧ್ಯಕ್ಷರು ಮುನಿಸಿಕೊಂಡು ಮೂರು ಸಿನಿಮಾಕ್ಕೆ ಬರಲಿಲ್ಲ. ನಾಲ್ಕನೆಯದಕ್ಕೆ ಬಂದು ಜಮಖಾನದ ಮೇಲೆ ಕೂತರು.

ಆ ಕಾಲದ ಫೋಟೋ ಮೊದಲು ಗಾಜಿನ ಪ್ಲೇಟಿನ ಮೇಲೆ ಮೂಡುತ್ತಿತ್ತು, ಎಲ್ಲ ಅದಲುಬದಲಾಗಿ. ಬಿಳಿಗೂದಲು ಕಪ್ಪು, ಕಪ್ಪು ಮುಖ ಬಿಳಿ. ಅದರಿಂದ ಆಮೇಲೆ ಕಾಗದಕ್ಕೆ ಇಳಿಸುತ್ತಿದ್ದರು. ಪೇಟೆಯಲ್ಲಿ ಎದುರು ಬಂದವರ ಗುರುತು ಹಿಡಿಯದ ಕಲ್ಮೇಶಪ್ಪ, ಆ ಗಾಜಿನಲ್ಲಿ ಮಾತ್ರ ಯಾರನ್ನೂ ತಪ್ಪುತ್ತಿರಲಿಲ್ಲವಂತೆ.

ನಮ್ಮೂರ ಮುಖಗಳನ್ನು ಹಾಗೆ ಗಾಜಿಗೆ ಇಳಿಸಿದವನು ಸ್ಟುಡಿಯೋದ ಪಾಂಡೋಬಾ. ಅವನು ತೀರಿಕೊಂಡ ಮೇಲೆ ಮಕ್ಕಳು ಮೂರು ಸಾವಿರ ಪ್ಲೇಟುಗಳನ್ನು ಗಾಜಿನಂಗಡಿ ಗದಿಗೆಪ್ಪನಿಗೆ ಕೊಟ್ಟುಬಿಟ್ಟರು. ಆಗ ಅದು ರೂಢಿ. ಸೋಡಾ ಹಾಕಿದ ಕುದಿನೀರಿನಲ್ಲಿ ಅದ್ದಿದರೆ ಮುಖ ಕರಗಿ ಒಳ್ಳೆಯ ಗಾಜು ಉಳಿಯುತ್ತಿತ್ತು. ದೇವರ ಪಟಕ್ಕೆ, ಕಿಟಕಿಗೆ ಆಗುತ್ತಿತ್ತು. ಯಾರಿಗೂ ತಪ್ಪೆನಿಸಲಿಲ್ಲ.

ಆ ಸೋಮವಾರ ಸುದ್ದಿ ಕೇಳಿ ಕಲ್ಮೇಶಪ್ಪ ಓಡಿದಾಗ ಗದಿಗೆಪ್ಪನ ಹಿತ್ತಲಲ್ಲಿ ಹಂಡೆ ಕುದಿಯುತ್ತಿತ್ತು.

"ಏನ್ರಿ ಸೆಕ್ರೆಟರಿ ಸಾಹೇಬ್ರ, ಸತ್ತವರ ಹಾಜರಿ ತಗೊಳ್ಳಾಕ ಬಂದ್ರೇನು?" ಎಂದ ಗದಿಗೆಪ್ಪ.

ಕಲ್ಮೇಶಪ್ಪ ಒಂದು ಪ್ಲೇಟು ಎತ್ತಿ ಬಿಸಿಲಿಗೆ ಹಿಡಿದು ಹೆಸರು ಹೇಳಿದ. ಇನ್ನೊಂದು ಎತ್ತಿದ, ಹೆಸರು ಹೇಳಿದ. ಓಣಿಯವರು ಬಂದು ನಿಂತರು. ಒಂದೊಂದು ಹೆಸರಿಗೆ ಒಬ್ಬೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರಂತೆ. ನೂರೋ ಇನ್ನೂರೋ ಆದಮೇಲೆ ಒಂದನ್ನು ಗದಿಗೆಪ್ಪನ ಕಡೆ ತಿರುಗಿಸಿ, "ಇವ ನಿಮ್ಮಪ್ಪ. ಹೊಸ ರುಮಾಲು ಸುತ್ಯಾನ" ಎಂದ.

ಗದಿಗೆಪ್ಪ ಬಹಳ ಹೊತ್ತು ನೋಡಿದನಂತೆ. ಆಮೇಲೆ ಒಲೆಯಿಂದ ಕಟ್ಟಿಗೆ ಹಿರಿದ.

ಆದರೆ ಅವನಿಗೂ ಒಂದು ಇಕ್ಕಟ್ಟಿತ್ತು. ಮರುದಿನ ದೊಡ್ಡ ಸಾಹೇಬರು ಪ್ರವಾಸಿ ಮಂದಿರಕ್ಕೆ ಬರುವವರು. ಅಲ್ಲಿನ ಒಡೆದ ಕಿಟಕಿಗೆ ಸಂಜೆಯೊಳಗೆ ಒಂಬತ್ತು ಗಾಜು ಕೂಡಿಸುತ್ತೇನೆಂದು ಅವನು ಮಾತು ಕೊಟ್ಟಿದ್ದ. ಬೇರೆ ಗಾಜು ಹುಬ್ಬಳ್ಳಿಯಿಂದ ಬರಲು ಎರಡು ದಿನ ಬೇಕು.

"ಒಂಬತ್ತು ಮಾತ್ರ ಬಿಡ್ರಿ. ಉಳಿದದ್ದೆಲ್ಲಾ ಒಯ್ಯಿರಿ. ಆದರ ಯಾವ ಒಂಬತ್ತು ಅಂತ ನೀವ ಆರಿಸ್ರಿ. ನಮ್ಮಪ್ಪನ ಮಾರಿ ನೋಡಿದ ಮ್ಯಾಲ ನನ್ನ ಕೈಲಿ ಆಗಂಗಿಲ್ಲ" ಎಂದ.

ಕಲ್ಮೇಶಪ್ಪ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ. ಒಂಬತ್ತನ್ನು ತಾನೇ ಆರಿಸಿದ, ತಾನೇ ನೀರಿಗೆ ಅದ್ದಿದ. ಉಳಿದವು ಚಕ್ಕಡಿಯಲ್ಲಿ, ಹುಲ್ಲಿನ ನಡುವೆ, ಚಿತ್ರಶಾಲೆಗೆ ಹೋದವು.

ಊರು ಅವನನ್ನು ಹೊತ್ತು ಮೆರೆಸಲಿಲ್ಲ. ಪಾಂಡೋಬಾನ ಕೈಯಲ್ಲೇ ಒಡೆದ ಪ್ಲೇಟುಗಳು ಎಷ್ಟೋ ಇದ್ದವು. ತಮ್ಮವರು ಸಿಗದ ಮನೆಯವರೆಲ್ಲ ಆ ಒಂಬತ್ತರಲ್ಲಿ ನಮ್ಮವರೂ ಹೋದರು ಎಂದರು. "ನಮ್ಮಜ್ಜನ ಮಾರಿ ತೊಳೆದು ಸಾಹೇಬನ ಕಿಟಕಿಗೆ ಹಚ್ಚಿದ್ಯಲ್ಲೋ" ಎಂದು ಮುದುಕಿಯೊಬ್ಬಳು ಪೇಟೆಯಲ್ಲೇ ಅಡ್ಡಗಟ್ಟಿದಳಂತೆ. "ಇನ್ನೊಮ್ಮೆ ಹುಡುಕೋಣ ಬಾರವ್ವ" ಎಂದನಂತೆ ಅವನು, ಅಷ್ಟೇ. ಮೂವತ್ತು ವರ್ಷ ಕೂತು ಪ್ರತಿಯೊಂದು ಮುಖಕ್ಕೂ ಹೆಸರು ಬರೆದ. ತೊಳೆದುಹೋದ ಮುಖಗಳ ಹೆಸರನ್ನು ಯಾರಿಗೂ ಹೇಳಲಿಲ್ಲ.

ಇವತ್ತಿಗೂ ಚಿತ್ರಶಾಲೆಯಲ್ಲಿ ಸಿನಿಮಾಕ್ಕೆ ಮುಂಚೆ ಹಳೆಯ ಮುಖವೊಂದನ್ನು ಗೋಡೆಗೆ ಬಿಡುತ್ತಾರೆ, ಹೆಸರು ಕರೆಯುತ್ತಾರೆ. ಆ ಮನೆಯವರು ಕತ್ತಲಲ್ಲೇ "ಅದೀವಿ" ಅನ್ನುತ್ತಾರೆ, ಇಲ್ಲೇ ಇದ್ದೇವೆ ಎಂದು. ಮಾರ್ಚ್ ಹದಿನೆಂಟರಂದು ಮಾತ್ರ ಒಂಬತ್ತು ಸಲ ಬರಿ ಬೆಳಕು ಬಿಡುತ್ತಾರೆ. ಹೆಸರು ಕರೆಯುವುದಿಲ್ಲ. ಆದರೂ ಇಡೀ ಸಭೆ ಒಂಬತ್ತು ಸಲ "ಅದೀವಿ" ಅನ್ನುತ್ತದೆ.

ಯಾಕೆ ಅಂದಿರಾ? ಕಲ್ಮೇಶಪ್ಪ ತೀರಿಕೊಂಡ ಮೇಲೆ, ಚಿತ್ರಶಾಲೆಯಲ್ಲಿ ಹಾಕಲು ಮನೆಮಂದಿಯ ಹಳೆಯ ಫೋಟೋ ಒಂದನ್ನು ಕೊಡಿ ಎಂದು ಹೆಂಡತಿ ಗೌರವ್ವನನ್ನು ಕೇಳಲು ನಾಲ್ಕು ಜನ ಹೋಗಿದ್ದರಂತೆ. ಒಂದೂ ಇಲ್ಲ ಎಂದಳಂತೆ ಅವಳು. ಆವತ್ತು ತೊಳೆದ ಎಂಟು ಗಾಜು ಅವನ ತಾಯಿ ತಂದೆಯದು, ಅಣ್ಣಂದಿರದು, ತಮ್ಮಿಬ್ಬರ ಮದುವೆಯದು; ಅವುಗಳ ಕಾಗದದ ಪ್ರತಿಗಳನ್ನು ಆಮೇಲೆ ಗೆದ್ದಲು ತಿಂದಿತ್ತು. ಒಂಬತ್ತನೆಯದು ಮೂರು ವರ್ಷ ಬದುಕಿದ್ದ ಮಗಳು ತುಂಗವ್ವನದು. ಅದನ್ನು ಕಾಗದಕ್ಕೆ ಇಳಿಸಿಯೇ ಇರಲಿಲ್ಲವಂತೆ.