ಹುತ್ತದ ಹಿಂದೆ ಕೂತ ಅಭಿಮಾನಿ

ಒಂದು ಕಾಡಿನಲ್ಲಿ ಕಾಲ್ಚೆಂಡಿನ ತಂಡವೊಂದಿತ್ತು. ಒಂದು ಕಾಲದಲ್ಲಿ ಅದು ಗೆಲ್ಲುತ್ತಿತ್ತು ಎಂದು ಹಿರಿಯರು ಹೇಳುತ್ತಿದ್ದರು. ಕಿರಿಯರು ನಂಬುತ್ತಿರಲಿಲ್ಲ.

ಆ ಹಿರಿಯರಲ್ಲಿ ಒಬ್ಬ ಚಿಪ್ಪಯ್ಯನೆಂಬ ಆಮೆ. ಬೂರುಗದ ಬಯಲಿನ ಈ ತಂಡ ಆಡಿದ ಒಂದು ಆಟವನ್ನೂ ಅವನು ನಲವತ್ತು ವರ್ಷಗಳಿಂದ ತಪ್ಪಿಸಿರಲಿಲ್ಲ. ಬಯಲಿನ ಅಂಚಿನಲ್ಲಿ, ಎರಡೂ ಗೋಲು ಕಾಣುವ ಕಡೆ, ಒಂದು ಚಪ್ಪಟೆ ಕಲ್ಲಿತ್ತು. ಅದು ಚಿಪ್ಪಯ್ಯನ ಕಲ್ಲು. ಪಕ್ಕದಲ್ಲಿ ಮುಳ್ಳುಹಂದಿ ಸೂಜಮ್ಮ ಕೂರುತ್ತಿದ್ದಳು. ಉತ್ಸಾಹ ಬಂದರೆ ಅವಳ ಮುಳ್ಳುಗಳು ನೆಟ್ಟಗಾಗುತ್ತಿದ್ದವು. ಚಿಪ್ಪಿಲ್ಲದವರು ಯಾರೂ ಅವಳ ಪಕ್ಕ ಕೂರುವ ಧೈರ್ಯ ಮಾಡುತ್ತಿರಲಿಲ್ಲ.

ಪ್ರತಿ ಆಟ ಮುಗಿದಾಗಲೂ ಚಿಪ್ಪಯ್ಯ ಒಂದೇ ಮಾತು ಹೇಳುತ್ತಿದ್ದ. "ಇದೇ ಕೊನೆ. ಇನ್ನು ನಾನು ಈ ಕಡೆ ತಲೆ ಹಾಕಲ್ಲ."

"ಮುಂದಿನ ಸಲ ಗೆಲ್ತೇವೆ ಬಿಡಿ," ಎನ್ನುತ್ತಿದ್ದಳು ಸೂಜಮ್ಮ.

"ಯಾವ ಆಟದಲ್ಲಿ?"

ಎಂಟು ದಿನ ಕಳೆದ ಮೇಲೆ ಎಲ್ಲರಿಗಿಂತ ಮೊದಲು ಬಂದು ಕಲ್ಲಿನ ಮೇಲೆ ಕೂತಿರುತ್ತಿದ್ದವನು ಚಿಪ್ಪಯ್ಯನೇ.

ತಂಡದ ಯಜಮಾನಿಕೆ ಆಗ ನರಿಯ ಕೈಯಲ್ಲಿತ್ತು. ಅದಕ್ಕೆ ಆಟ ಅಷ್ಟಾಗಿ ತಿಳಿಯದು. ಮಾತು ಚೆನ್ನಾಗಿ ತಿಳಿದಿತ್ತು. ಬಂದ ವರ್ಷವೇ ಅದು ದೂರದ ಕಾಡಿನಿಂದ ಒಂದು ನವಿಲನ್ನು ಕರೆತಂದು ಮುಂದಿನ ಸಾಲಿನಲ್ಲಿ ನಿಲ್ಲಿಸಿತು. ನವಿಲು ನೋಡಲು ಬಹಳ ಚೆಂದವಿತ್ತು. ಚೆಂಡು ಹತ್ತಿರ ಬಂದರೆ ಗರಿ ಎತ್ತಿ ದಾರಿ ಬಿಡುತ್ತಿತ್ತು. ಗರಿಗೆ ಮಣ್ಣು ತಾಗಬಾರದಲ್ಲ! ಹತ್ತು ವರ್ಷ ಬಲಬದಿಯಲ್ಲಿ ಓಡಿದ ಮೊಲ ಕೆಂಚನನ್ನು ನರಿ ಗೆರೆಯಾಚೆ ಕೂರಿಸಿತು. "ನಿನ್ನ ಬಣ್ಣ ಎದ್ದು ಕಾಣಲ್ಲ ಕಣೋ," ಎಂದಿತು.

ಒಂದು ದಿನ ತಂಡ ಐದು ಗೋಲುಗಳಿಂದ ಸೋತಿತು. ನರಿ ಮರದ ಬೊಡ್ಡೆಯ ಮೇಲೆ ನಿಂತು ಭಾಷಣ ಮಾಡಿತು.

"ಬಂಧುಗಳೇ, ಐದು ಗೋಲು ಬಿಟ್ಟುಕೊಟ್ಟೆವು, ನಿಜ. ಆದರೆ ಆರನೆಯದನ್ನು ತಡೆದೆವು. ಇದನ್ನೇ ಬೆಳವಣಿಗೆ ಅನ್ನೋದು."

"ಆರನೆಯದು ಬರೋ ಹೊತ್ತಿಗೆ ಸೂರ್ಯ ಮುಳುಗಿದ್ದ," ಎಂದ ಚಿಪ್ಪಯ್ಯ ಕಲ್ಲಿನ ಮೇಲಿಂದ.

ಎಲ್ಲರೂ ನಕ್ಕರು. ನರಿ ನಗಲಿಲ್ಲ.

ಬೇಸಿಗೆ ಅರ್ಧ ಕಳೆಯುವಷ್ಟರಲ್ಲಿ ತಂಡ ಎಂಟು ತಂಡಗಳಲ್ಲಿ ಎಂಟನೆಯದಾಗಿತ್ತು. ಒಂದು ಗೋಲನ್ನೂ ಹೊಡೆದಿರಲಿಲ್ಲ. ಕಾಡಿನ ಕಟ್ಟಳೆ ಹೀಗಿತ್ತು: ಮಳೆ ಹಿಡಿಯುವ ಹೊತ್ತಿಗೆ ಕೊನೆಯಲ್ಲಿರುವ ತಂಡ ಮೇಲಿನ ಬಯಲು ಬಿಟ್ಟು ಕೆಳಗಿನ ಕೆಸರುಬಯಲಿಗೆ ಇಳಿಯಬೇಕು. ಇಳಿಸಿದ ಯಜಮಾನನಿಗೂ ಒಂದು ಕೆಲಸವಿತ್ತು. ಕೆಸರಿನಲ್ಲಿ ಬಿಟ್ಟರೆ ಗೋಲಿನ ಬಿದಿರಿನ ಕಂಬ ಕೊಳೆಯುತ್ತದೆ. ಆದ್ದರಿಂದ ತಂಡ ಮತ್ತೆ ಮೇಲೆ ಬರುವ ತನಕ, ತಾನಾಗಿ ಆಟದ ಹೊತ್ತಿಗೆ ಬಂದು ತಲುಪಲಾರದ್ದನ್ನೆಲ್ಲ ಅವನೇ ಪ್ರತಿ ಆಟಕ್ಕೂ ಹೊತ್ತು ಒಯ್ಯಬೇಕು, ಹೊತ್ತು ತರಬೇಕು.

ನರಿಗೆ ಕಂಬಗಳ ಚಿಂತೆ. ಚಿಪ್ಪಯ್ಯನಿಗೆ ದಾರಿಯ ಚಿಂತೆ.

"ಕೆಸರುಬಯಲು ಎಷ್ಟು ದೂರ?" ಎಂದು ಸೂಜಮ್ಮ ಕೇಳಿದಳು.

"ನಿನಗೆ ಅರ್ಧ ದಿನ. ನನಗೆ ಐದು ದಿನ."

"ಎಂಟು ದಿನಕ್ಕೊಂದು ಆಟ ಅಲ್ವಾ?"

"ಹೋಗೋಕೆ ಐದು, ಬರೋಕೆ ಐದು. ನಾನು ಮನೆ ಮುಟ್ಟಿ ಮತ್ತೆ ಅಲ್ಲಿಗೆ ತಲುಪೋ ಮೊದಲೇ ಮುಂದಿನ ಆಟ ಮುಗಿದಿರತ್ತೆ."

"ಅಲ್ಲೇ ಉಳಿದುಬಿಡಿ."

"ಆ ಕೆಸರಲ್ಲಿ ಮೊಸಳೆ ಇದೆ ಕಣಮ್ಮ."

"ಹೋಗಲಿ ಬಿಡಿ, ನೀವು ಹೇಗೂ ಇದೇ ಕೊನೆ ಅಂತಿರ್ತೀರಲ್ಲ," ಎಂದಳು.

ಚಿಪ್ಪಯ್ಯ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡ.

ಇನ್ನು ತೀರ್ಪುಗಾರನ ವಿಷಯ ಹೇಳಬೇಕು. ತೀರ್ಪುಗಾರನಾಗಿದ್ದದ್ದು ಒಂದು ಮುದಿ ಗೂಬೆ. ಅದಕ್ಕೆ ಹಗಲು ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಆದರೂ ಅದನ್ನೇ ಆರಿಸಿದ್ದರು. ಏಕೆಂದರೆ ಕಣ್ಣು ಕಾಣುವವರೆಲ್ಲ ಯಾವುದೋ ಒಂದು ತಂಡದವರಾಗಿದ್ದರು. ಗೂಬೆ ಕಿವಿಯಿಂದಲೇ ತೀರ್ಪು ಕೊಡುತ್ತಿತ್ತು. ಯಾವ ಕಡೆಯವರು "ಗೋಲು!" ಎಂದು ಕೂಗಿದರೋ ಆ ಕಡೆಗೆ ಗೋಲು. ಸುಳ್ಳು ಕೂಗಬಹುದು ಎಂಬ ಯೋಚನೆ ಅದುವರೆಗೆ ಯಾರಿಗೂ ಬಂದಿರಲಿಲ್ಲ. ಕಾಡಿನ ಪ್ರಾಣಿಗಳು ಅಷ್ಟು ಮುಗ್ಧವಾಗಿದ್ದವು. ಅಥವಾ ಅಷ್ಟು ಸೋಮಾರಿಯಾಗಿದ್ದವು.

ನರಿ ಎರಡೂ ಆಗಿರಲಿಲ್ಲ. ಅದು ಕೋತಿಗಳನ್ನು ಕರೆಯಿತು.

"ನಾನು ಬಾಲ ಎತ್ತಿದಾಗಲೆಲ್ಲ ನೀವು ಗೋಲು ಅಂತ ಕೂಗಬೇಕು. ಕೂಗಿಗೊಂದು ಅತ್ತಿಹಣ್ಣು."

"ಗೋಲು ಆಗದೇ ಇದ್ದರೆ?" ಎಂದು ಒಂದು ಮರಿಕೋತಿ ಕೇಳಿತು.

"ಹಣ್ಣು ಬೇಕೋ, ಪ್ರಶ್ನೆ ಬೇಕೋ?"

ಮುಂದಿನ ಆಟದಲ್ಲಿ ಚೆಂಡು ಲಂಟಾನದ ಪೊದೆಯೊಳಗೆ ಸಿಕ್ಕಿಕೊಂಡಿತು. ಎಲ್ಲರೂ ಹುಡುಕುತ್ತಿದ್ದರು. ನರಿ ಬಾಲ ಎತ್ತಿತು. ಮರದ ತುಂಬ ಕೋತಿಗಳು "ಗೋಲು!" ಎಂದು ಕಿರುಚಿದವು. ಗೂಬೆ ಗಂಭೀರವಾಗಿ ರೆಕ್ಕೆ ಎತ್ತಿ ಗೋಲು ಕೊಟ್ಟಿತು. ಬೂರುಗದ ಬಯಲಿನ ತಂಡ ಗೆದ್ದಿತು. ಪೊದೆಯಿಂದ ಚೆಂಡು ಸಿಕ್ಕಿದ್ದು ಮರುದಿನ.

ಸೂಜಮ್ಮ ಕುಣಿದಳು. ಚಿಪ್ಪಯ್ಯ ಮಾತ್ರ ಅಲುಗಲಿಲ್ಲ.

"ಗೆದ್ದಿದ್ದೇವೆ ರೀ! ಒಂದು ಸಲ ನಗ್ರೀ!"

"ಯಾರು ಹೊಡೆದದ್ದು?"

"ಅದೆಲ್ಲ ಯಾಕೆ ಈಗ?"

"ನಲವತ್ತು ವರ್ಷ ನೋಡಿದ್ದೇನೆ. ಗೋಲು ಹೊಡೆಯೋದು ಕಾಲು. ಲಂಟಾನ ಹೊಡೆದದ್ದನ್ನು ಇದೇ ಮೊದಲು ನೋಡಿದ್ದು."

ಈ ಮಾತು ಬಯಲೆಲ್ಲ ಹರಡಿತು. ನರಿಯ ಕಿವಿಗೂ ಬಿತ್ತು. ಮರುದಿನವೇ ಅದು ಚಿಪ್ಪಯ್ಯನ ಮನೆಗೆ ಬಂದಿತು. ಬರುವಾಗ ಒಂದು ಹಿಡಿ ಎಳೆ ಸೊಪ್ಪನ್ನೂ ತಂದಿತ್ತು.

"ಚಿಪ್ಪಯ್ಯನವರೇ, ನೀವು ನಮ್ಮ ಹಿರಿಯ ಅಭಿಮಾನಿ. ಬಿಸಿಲಲ್ಲಿ ಕೂರೋದು ನೋಡಿದರೆ ನನ್ನ ಕರುಳು ಹಿಂಡುತ್ತೆ. ನಿಮಗೆ ನೆರಳಲ್ಲಿ ಜಾಗ ಮಾಡಿಸಿದ್ದೇನೆ."

"ಎಲ್ಲಿ?"

"ಹುತ್ತದ ಹಿಂದೆ."

"ಅಲ್ಲಿಂದ ಆಟ ಕಾಣಲ್ಲ."

"ಆಟ ನೋಡಿದರೆ ತಾನೇ ನಿಮಗೆ ಸಿಟ್ಟು ಬರೋದು?" ಎಂದು ನರಿ ನಕ್ಕಿತು. "ತಂಡದ ಹುಮ್ಮಸ್ಸು ಮುಖ್ಯ ನೋಡಿ. ಮುಂದಿನ ಸಾಲಲ್ಲಿ ಕೂಗುವವರು ಬೇಕು. ಗೊಣಗುವವರು ಸ್ವಲ್ಪ ಹಿಂದೆ."

ಚಿಪ್ಪಯ್ಯ ಸೊಪ್ಪನ್ನು ತಿಂದ. ಸೊಪ್ಪು ಚೆನ್ನಾಗಿತ್ತು. ಜಾಗ ಚೆನ್ನಾಗಿರಲಿಲ್ಲ. ಚಪ್ಪಟೆ ಕಲ್ಲಿನ ಮೇಲೆ ಒಂದು ದಪ್ಪ ಕೋತಿಯನ್ನು ಕೂರಿಸಿದರು.

ಕೊನೆಯ ಆಟ ಬಂದಿತು. ಎದುರಾಳಿಗಳು ಹೊಳೆದಂಡೆಯ ಕಾಡುಹಂದಿಗಳು. ಬೂರುಗದ ಬಯಲಿನವರು ಸಮ ಮಾಡಿಕೊಂಡರೂ ಸಾಕಿತ್ತು, ಏಳನೆಯವರಾಗಿ ಉಳಿಯುತ್ತಿದ್ದರು. ಸೋತರೆ ಕೆಸರು. ಚಿಪ್ಪಯ್ಯ ಹಿಂದಿನ ದಿನವೇ ಹೊರಟು ಬಂದು ಹುತ್ತದ ಹಿಂದೆ ಕೂತ. ಅವನ ಕಣ್ಣೆದುರು ಒಂದು ಗೆದ್ದಲಿನ ಸಾಲು ಅಚ್ಚುಕಟ್ಟಾಗಿ ಸಾಗುತ್ತಿತ್ತು. ನಮ್ಮ ಮಧ್ಯದ ಸಾಲಿಗಿಂತ ಇದೇ ವಾಸಿ ಎಂದುಕೊಂಡ.

ಆಟ ಶುರುವಾದ ಸ್ವಲ್ಪ ಹೊತ್ತಿಗೆ ಹಂದಿಗಳ ಕಡೆಯವರು ಒಂದೇ ಸಲ, ಒಂದೇ ದನಿಯಲ್ಲಿ ಕೂಗಿದರು. ಗೂಬೆ ಅವರಿಗೆ ಗೋಲು ಕೊಟ್ಟಿತು.

ನರಿ ತಕ್ಷಣ ಬಾಲ ಎತ್ತಿತು. ಕೋತಿಗಳು ಕಿರುಚಿದವು. ಗೂಬೆ ರೆಕ್ಕೆ ಎತ್ತಲು ಹೊರಟಿತ್ತು. ಅಷ್ಟರಲ್ಲಿ ಹಂದಿಗಳ ನಾಯಕ ಅಡ್ಡ ಬಂದ.

"ಸ್ವಾಮಿ, ಚೆಂಡು ನನ್ನ ಕಾಲಡಿ ಇದೆ. ಮುಟ್ಟಿ ನೋಡಿ."

ಗೂಬೆ ಹಾರಿ ಕೆಳಗಿಳಿಯಿತು. ಚೆಂಡನ್ನು ಮುಟ್ಟಿ ನೋಡಿತು. ಅಷ್ಟು ಹೊತ್ತೂ ಕೋತಿಗಳು ಕೂಗುತ್ತಲೇ ಇದ್ದವು. ಕೂಗಿಗೊಂದು ಹಣ್ಣಲ್ಲವೇ? ಈಗ ಅವು ಬಾಲಕ್ಕೂ ಕಾಯುತ್ತಿರಲಿಲ್ಲ. ನವಿಲು ಕಾಲು ಕೆರೆದುಕೊಂಡರೂ ಗೋಲು, ಮೋಡ ಸರಿದರೂ ಗೋಲು. ನರಿ ಬಾಯಿಯ ಮೇಲೆ ಕಾಲಿಟ್ಟು ಸನ್ನೆ ಮಾಡಿತು. ಕೋತಿಗಳು ಅದಕ್ಕೂ ಕೂಗಿದವು.

"ಇನ್ನು ಈ ಮರದ ಕೂಗನ್ನು ನಾನು ಲೆಕ್ಕಕ್ಕೆ ಹಿಡಿಯಲ್ಲ," ಎಂದು ಗೂಬೆ ಸಾರಿ ಕೊಂಬೆಗೆ ಮರಳಿತು.

ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿತ್ತು. ಪಡುವಣದಲ್ಲಿ ಕರಿಮೋಡ ಎದ್ದು ನಾಲ್ಕು ಹನಿ ಬಿದ್ದವು. ಮೋಡ ಕಂಡದ್ದೇ ತಡ, ನವಿಲು ಬಯಲಿನ ನಡುವೆ ಗರಿ ಬಿಚ್ಚಿ ಕುಣಿಯಲು ಶುರುಮಾಡಿತು. ಕರೆದರೆ ಕೇಳಲಿಲ್ಲ. ಬೈದರೂ ಕೇಳಲಿಲ್ಲ. ಬೇರೆ ದಾರಿ ಕಾಣದೆ ನರಿ ಕೆಂಚನನ್ನು ಒಳಗೆ ಕಳಿಸಿತು.

ಕೆಂಚ ಬಲಬದಿಯಲ್ಲಿ ಚೆಂಡು ಹಿಡಿದ. ಒಂದು ಹಂದಿಯನ್ನು ದಾಟಿದ. ಇನ್ನೊಂದರ ಹೊಟ್ಟೆಯ ಕೆಳಗೇ ನುಸುಳಿದ. ಹಿಂಗಾಲಿನಿಂದ ಒದ್ದ ಏಟಿಗೆ ಚೆಂಡು ಹೋಗಿ ಬಳ್ಳಿಯ ಬಲೆಗೆ ಬಡಿಯಿತು.

ಗೋಲು. ಆ ಬೇಸಿಗೆಯ ಮೊದಲ ನಿಜವಾದ ಗೋಲು.

ಕೋತಿಗಳು ಕಿರುಚಿದವು. ಸೂಜಮ್ಮ ಕಿರುಚಿದಳು. ಇಡೀ ಬಯಲು ಕಿರುಚಿತು. ಮರದ ಕೂಗು ಯಾವುದು, ಬಯಲಿನ ಕೂಗು ಯಾವುದು ಎಂದು ಗೂಬೆಗೆ ತಿಳಿಯಲಿಲ್ಲ. ಅದು ರೆಕ್ಕೆ ಎತ್ತಲಿಲ್ಲ. ಹಂದಿಗಳ ಗೋಲು ಕಾಯುವವನು ಮೆಲ್ಲಗೆ ಚೆಂಡನ್ನು ಬಲೆಯಿಂದ ಹೊರಕ್ಕೆ ಉರುಳಿಸಿ, ಅದರ ಮೇಲೆ ಕಾಲಿಟ್ಟು, ಆಕಾಶ ನೋಡುತ್ತ ನಿಂತ.

"ಸ್ವಾಮಿ, ಈ ಸಲ ನಿಜವಾಗಿ ಗೋಲು!" ಎಂದು ನರಿ ಅರಚಿತು. "ಹಂದಿಗಳನ್ನೇ ಕೇಳಿ!"

"ನಾವು ಮೋಡ ನೋಡ್ತಿದ್ದೆವು," ಎಂದ ಹಂದಿಗಳ ನಾಯಕ.

ಗೂಬೆ ಯೋಚಿಸಿತು. "ಈ ಬಯಲಲ್ಲಿ ಗೆದ್ದಾಗಲೂ ಬೈಯುವವನು ಒಬ್ಬನಿದ್ದ. ಅವನು ಗೋಲು ಅಂದರೆ ನಾನೂ ಗೋಲು ಅನ್ನುತ್ತೇನೆ. ಕರೆಯಿರಿ ಚಿಪ್ಪಯ್ಯನನ್ನು."

ಎಲ್ಲರ ಕತ್ತೂ ಹುತ್ತದ ಕಡೆ ತಿರುಗಿತು. ಸೂಜಮ್ಮ ಮುಳ್ಳು ಝಳಪಿಸುತ್ತ ಓಡಿ ಹುತ್ತ ಸುತ್ತಿ ಬಂದಳು.

"ಗೋಲಾಯ್ತು ರೀ! ಆಣೆ ಮಾಡಿ ಹೇಳ್ತೀನಿ! ಹೂಂ ಅಂದುಬಿಡಿ ಸಾಕು. ಐದು ದಿನದ ದಾರಿ ರೀ!"

ಚಿಪ್ಪಯ್ಯ ಅವಳ ಮುಖ ನೋಡಿದ. ಅವಳು ಸುಳ್ಳು ಹೇಳುತ್ತಿರಲಿಲ್ಲ. ಆದರೆ ಲಂಟಾನದ ಗೋಲಿಗೂ ಅವಳು ಹೀಗೆಯೇ ಕುಣಿದಿದ್ದಳು. ಹೂಂ ಎಂದರೆ ಬಯಲು ಉಳಿಯುತ್ತದೆ, ಕಲ್ಲು ಮತ್ತೆ ಸಿಗಬಹುದು. ಒಂದು ಅಕ್ಷರ ಅಷ್ಟೆ. ಅವನು ಬಾಯಿ ತೆರೆದ. ಎದುರಿಗೆ ಗೆದ್ದಲುಗಳು ಸಾಲು ತಪ್ಪದೆ ಸಾಗುತ್ತಿದ್ದವು.

"ಸ್ವಾಮಿ," ಎಂದ ಕೊನೆಗೆ. "ನನ್ನನ್ನು ಹುತ್ತದ ಹಿಂದೆ ಕೂರಿಸಿದ್ದಾರೆ. ಇಲ್ಲಿಂದ ನನಗೆ ಹುತ್ತ ಕಾಣುತ್ತೆ. ಗೋಲು ಆಗಿರಬಹುದು. ನಾನು ನೋಡಲಿಲ್ಲ."

ಗೂಬೆ ರೆಕ್ಕೆ ಎತ್ತಲೇ ಇಲ್ಲ. ಆಟ ಮುಗಿಯಿತು. ಮಳೆ ಜೋರಾಯಿತು.

ಚಿಪ್ಪಯ್ಯ ಬಹಳ ಹೊತ್ತು ತಲೆ ಹೊರಗೆ ಹಾಕಲಿಲ್ಲ. ಕೆಸರುಬಯಲಿಗಿಂತ ಇನ್ನೊಂದು ವಿಷಯ ಅವನನ್ನು ಹೆಚ್ಚು ಕೊರೆಯುತ್ತಿತ್ತು. ಇಡೀ ಬೇಸಿಗೆ ಕಾದದ್ದು ಒಂದು ಗೋಲಿಗೆ. ಬಂದಾಗ ಅದನ್ನೂ ನೋಡಲಿಲ್ಲ.

ಮಳೆ ನಿಂತ ಮೇಲೆ ಕಾಡಿನ ಪ್ರಾಣಿಗಳೆಲ್ಲ ಸೇರಿದವು. ನರಿಯ ಬೆನ್ನ ಮೇಲೆ ಬಿದಿರಿನ ಕಂಬ ಕಟ್ಟಿದರು, ಬಲೆ ಹೊರಿಸಿದರು, ಚೆಂಡು ತೂಗುಹಾಕಿದರು. ಕೋತಿಗಳು ಮರದಿಂದ "ಗೋಲು!" ಎಂದು ಕೂಗಿ, ಉಳಿದ ಹಣ್ಣು ಕೊಡೆಂದು ಕೇಳಿದವು.

"ಆಯ್ತಾ?" ಎಂದಿತು ನರಿ ಏದುಸಿರು ಬಿಡುತ್ತ.

"ಇನ್ನೊಂದಿದೆ," ಎಂದ ಕೆಂಚ. "ತಾನಾಗಿ ಆಟದ ಹೊತ್ತಿಗೆ ಬಂದು ತಲುಪಲಾರದ್ದನ್ನೆಲ್ಲ ಯಜಮಾನ ಹೊರಬೇಕು. ಕಟ್ಟಳೆ ಹಾಗೇ ಇರೋದು." ಅವನು ಚಿಪ್ಪಯ್ಯನ ಕಡೆ ನೋಡಿದ.

"ಅದಕ್ಕೆ ನಾಲ್ಕು ಕಾಲಿದೆ!" ಎಂದು ನರಿ ಕೂಗಿತು.

"ನಾಲ್ಕಿದೆ," ಎಂದಿತು ಗೂಬೆ. "ಹೊತ್ತಿಗೆ ತಲುಪುತ್ತದೆಯೋ?"

ನರಿ ಚಿಪ್ಪಯ್ಯನನ್ನು ನೋಡಿತು. ಸುಳ್ಳು ಹೇಳಲು ಅದೂ ಪ್ರಯತ್ನಿಸಲಿಲ್ಲ.

ಹೀಗೆ ಎಂಟು ದಿನಕ್ಕೊಮ್ಮೆ ಕಾಡಿನ ಇಳಿಜಾರಿನಲ್ಲಿ ಒಂದು ಮೆರವಣಿಗೆ ಸಾಗತೊಡಗಿತು. ಕೆಳಗೆ ನರಿ, ಮೇಲೆ ಕಂಬ, ಅದರ ಮೇಲೆ ಚಿಪ್ಪಯ್ಯ. ಹಿಂದೆ ಸೂಜಮ್ಮ. ಅವಳು ತೀರ ಹತ್ತಿರ ಬಂದಾಗಲೆಲ್ಲ ನರಿಯ ನಡಿಗೆ ತಾನಾಗಿ ಚುರುಕಾಗುತ್ತಿತ್ತು. ಕೆಸರುಬಯಲಿನಲ್ಲಿ ಮಣ್ಣು ಮೆತ್ತಿಕೊಳ್ಳುವ ಭಯಕ್ಕೆ ನವಿಲು ಊರಿಗೆ ಹೋಯಿತು. ಬಲಬದಿಗೆ ಕೆಂಚನೇ ಖಾಯಂ ಆದ. ತಂಡ ಮೊದಲ ಆಟ ಸೋತಿತು. ಎರಡನೆಯದು ಸಮವಾಯಿತು.

"ಎಡಕ್ಕೆ ತಿರುಗು," ಎನ್ನುತ್ತಿದ್ದ ಚಿಪ್ಪಯ್ಯ ಮೇಲಿನಿಂದ. "ಎಡ ಅಂದೆ. ನಿನಗೂ ನಿನ್ನ ತಂಡಕ್ಕೂ ಎಡ ಯಾವುದು ಅಂತಲೇ ಗೊತ್ತಿಲ್ಲ. ಮುಂದೆ ಚೆಂಡು ಹೋದರೆ ಹಿಂದೆ ಯಾರು ನಿಲ್ಲೋದು? ಹೇಳು ನೋಡೋಣ."

ಅರ್ಧ ದಿನದ ದಾರಿಯುದ್ದಕ್ಕೂ ನರಿ ಇದನ್ನು ಕೇಳಬೇಕಿತ್ತು. ಕಿವಿ ಮುಚ್ಚಿಕೊಳ್ಳೋಣವೆಂದರೆ ಕಾಲು ಖಾಲಿ ಇರಲಿಲ್ಲ.

"ಅಣ್ಣಾ," ಎಂದಿತು ಅದು ಒಂದು ದಿನ, ದಮ್ಮು ಕಟ್ಟಿ. "ನಾವು ಯಾವಾಗ ಮೇಲೆ ಬರ್ತೀವಿ ಅನ್ಸುತ್ತೆ ನಿಮಗೆ?"

ಚಿಪ್ಪಯ್ಯ ಆರಾಮವಾಗಿ ಕತ್ತು ಚಾಚಿದ. ಅಲ್ಲಿಂದ ಇಡೀ ದಾರಿ ಚೆನ್ನಾಗಿ ಕಾಣುತ್ತಿತ್ತು.

"ನನಗೇನೂ ಅವಸರವಿಲ್ಲಪ್ಪ," ಎಂದ. "ನಾವು ಆಮೆಗಳು ನೂರೈವತ್ತು ವರ್ಷ ಬದುಕ್ತೇವೆ."

ನೀತಿ: ಎಲ್ಲದಕ್ಕೂ ಜೈ ಎನ್ನುವವರನ್ನು ಮುಂದೆ ಕೂರಿಸಿ, ತಪ್ಪು ಹೇಳುವವನನ್ನು ಹಿಂದಕ್ಕೆ ತಳ್ಳಿದರೆ, ನಾಳೆ ನಾವು ನಿಜವಾಗಿಯೂ ಗೆದ್ದಾಗ ಅದನ್ನು ನಂಬಿಸಲು ಯಾರೂ ಉಳಿದಿರುವುದಿಲ್ಲ.