ಮುಂದೆ ಸಾಗಿದ ತೊಟ್ಟಿ

"ಗುರುಗಳೇ, ನಮ್ಮ ನಗರಕ್ಕೆ ನೀರು ತರುವುದು ಇಪ್ಪತ್ತು ವರ್ಷದ ಕೆಲಸ. ಅಷ್ಟು ಕಾಲ ಜನ ಬೇಸರಪಡದೆ ಹಣ, ಶ್ರಮ ಕೊಡುತ್ತಲೇ ಇರಬೇಕಾದರೆ ಏನು ಮಾಡಬೇಕು?" ಎಂದು ಶಿಷ್ಯನು ಕೇಳಿದನು. ಅವನು ಆಗಷ್ಟೇ ನಗರದ ಮುಖ್ಯಸ್ಥನಾಗಿದ್ದನು. ಕೈಯಲ್ಲಿ ಒಂದು ನಕ್ಷೆಯಿತ್ತು; ಅದರ ನಡುವೆ ದೊಡ್ಡದೊಂದು ಕಾರಂಜಿ ಬರೆದಿತ್ತು.

ಒರಗಿ ಕುಳಿತಿದ್ದ ಗುರುಗಳು ನೆಟ್ಟಗಾದರು. ಇಂಥ ಪ್ರಶ್ನೆಯೆಂದರೆ ಅವರಿಗೆ ಬಲು ಖುಷಿ. "ಕೇಳು" ಎಂದರು.

ಒಂದು ನಗರವಿತ್ತು. ಅಲ್ಲಿನ ಬಾವಿಗಳೆಲ್ಲ ಉಪ್ಪು. ಸಿಹಿನೀರಿನ ಬುಗ್ಗೆ ಎರಡು ಹರದಾರಿ ದೂರದ ಬೆಟ್ಟದಲ್ಲಿತ್ತು. ಮನೆಗೊಬ್ಬರು ದಿನವೂ ಕೊಡ ಹೊತ್ತು ಅಷ್ಟು ದೂರ ಹೋಗಿ ಬರುತ್ತಿದ್ದರು. ಐವತ್ತು ದಾಟಿದ ಒಬ್ಬ ವರ್ತಕನು, "ಕಾಲುವೆ ಕಟ್ಟಿಸಿ ನೀರನ್ನು ಪೇಟೆಗೇ ತರುತ್ತೇನೆ. ಸಾಯುವುದರೊಳಗೆ ಅದನ್ನು ಕುಡಿದೇ ತೀರುತ್ತೇನೆ" ಎಂದು ಎಲ್ಲರೆದುರು ಮಾತು ಕೊಟ್ಟನು.

ಜನ ಸಂತೋಷದಿಂದ ಹಣ ಕೊಟ್ಟರು. ಬಂದುದನ್ನೆಲ್ಲ ಸುರಿದು ವರ್ತಕನು ಮೊದಲು ಪೇಟೆಯ ನಡುವೆ ಕೊಳ ಕಟ್ಟಿಸಿದನು. ಎಂಥ ಕೊಳ! ನಾಲ್ಕೂ ಕಡೆ ಮೆಟ್ಟಿಲು, ಮೂಲೆಗೊಂದು ಕಲ್ಲಿನ ಆನೆ. ಆಮೇಲೆ ಅಲ್ಲಿಂದ ಬೆಟ್ಟದ ಕಡೆಗೆ ಕಾಲುವೆ ತೋಡಿಸುತ್ತ ಹೊರಟನು. ಮೂರು ವರ್ಷ ಕಳೆಯಿತು. ನೀರು ಕಾಣದ ಕೊಳದಲ್ಲಿ ಆಡುಗಳು ಮಲಗತೊಡಗಿದವು. ಕೊಡ ಹೊರುವವರು ಹೊರುತ್ತಲೇ ಇದ್ದರು. ನಾಲ್ಕನೆಯ ವರ್ಷ ಯಾರೂ ಏನೂ ಕೊಡಲಿಲ್ಲ. ವರ್ತಕನು ನಾಚಿಕೆಯಿಂದ ತಲೆ ಎತ್ತದಾದನು.

ಒಂದು ದಿನ ಒಬ್ಬ ಹೆಂಗಸು ಅವನ ಮುಂದೆ ಕೊಡ ಇಳಿಸಿದಳು. "ಅಣ್ಣಾ, ನೀರಿರುವುದು ಬೆಟ್ಟದಲ್ಲಿ. ಅಲ್ಲಿಂದ ಶುರುಮಾಡಿ. ನನಗೆ ಒಂದೇ ಒಂದು ಕೂಗಳತೆ ನಡಿಗೆ ಉಳಿಸಿಕೊಡಿ, ಹಾಗೆ ಉಳಿದ ಹೊತ್ತಿನ ಅರ್ಧದಷ್ಟು ನಿಮ್ಮ ಕಾಲುವೆ ಅಗೆಯುತ್ತೇನೆ" ಎಂದಳು.

ವರ್ತಕನಿಗೆ ಮೈ ಝುಂ ಎಂದಿತು. ಇದ್ದ ನಾಲ್ಕು ಆಳುಗಳನ್ನು ಕರೆದುಕೊಂಡು ಮರುದಿನವೇ ಬುಗ್ಗೆಯ ಬುಡದಿಂದ ಕೆಲಸ ಹಿಡಿದನು. ಆ ವರ್ಷ ಕಾಲುವೆ ನಿಂತಲ್ಲಿ ಒಂದು ಕಲ್ಲಿನ ತೊಟ್ಟಿ ಕಟ್ಟಿದನು. ಎಲ್ಲರಿಗೂ ಒಂದು ಕೂಗಳತೆ ನಡಿಗೆ ಉಳಿಯಿತು. ಎಲ್ಲರೂ ಅದರ ಅರ್ಧ ಹೊತ್ತು ಅಗೆದರು. ಮರುವರ್ಷ ಇನ್ನಷ್ಟು ಉಳಿಯಿತು, ಅಗೆಯುವ ಹೊತ್ತೂ ಹೆಚ್ಚಿತು. ಯುಗಾದಿಯ ಮರುದಿನ ತೊಟ್ಟಿಯ ಕಲ್ಲು ಬಿಚ್ಚಿ ಮುಂದಕ್ಕೆ ಒಯ್ಯುವುದು ವಾಡಿಕೆಯಾಯಿತು. ಅಂದು ಯಾರಿಗೂ ಮನೆಯಲ್ಲಿ ಕಾಲು ನಿಲ್ಲದು. ಮುದುಕರೂ ಕಲ್ಲಿಗೆ ಕೈ ಹಚ್ಚುವರು. "ಈ ಸಲ ಹುಣಸೆಮರದ ತನಕ!" "ಈ ಸಲ ಗಾಣದ ತನಕ!" ಎಂದು ಕೇಕೆ ಹಾಕುವರು. ಹೊಸ ತೊಟ್ಟಿಗೆ ನೀರು ಬಿದ್ದೊಡನೆ ಊರಿಗೆ ಊರೇ ತೊಯ್ದು ತೊಪ್ಪೆ.

ಹದಿನಾರನೆಯ ವರ್ಷ ತೊಟ್ಟಿ ಕೋಟೆಬಾಗಿಲಿಗೆ ಬಂದಿತು. ವರ್ತಕನು ಆಗ ಹಾಸಿಗೆ ಹಿಡಿದಿದ್ದನು. ಆ ಹೆಂಗಸು ಚೊಂಬು ತುಂಬಿಕೊಂಡು ಓಡಿ ಬಂದು ಕುಡಿಸಿದಳು. ನೀರು ಬುಗ್ಗೆಯಲ್ಲಿದ್ದಷ್ಟೇ ತಣ್ಣಗಿತ್ತು. ವರ್ತಕನು ಜೋರಾಗಿ ನಕ್ಕನು. ಅಂದು ಸಂಜೆ ಕಣ್ಣು ಮುಚ್ಚಿದನು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಅಯ್ಯೋ, ಪಾಪ! ಕೊಳ ತುಂಬಿದ್ದನ್ನು ಅವನು ನೋಡಲೇ ಇಲ್ಲವೇ?" ಎಂದನು.

ಗುರುಗಳು ನಕ್ಷೆಯ ಕಾರಂಜಿಯ ಮೇಲೆ ಬೆರಳಿಟ್ಟರು.

"ಮಗೂ, ನೀನಿನ್ನೂ ಆಡುಗಳ ಜೊತೆಗೇ ಕುಳಿತಿದ್ದೀಯಲ್ಲ!"